ಟ್ವಿಗ್, ಸ್ಪ್ರಿಗ್, ಬೌ: ಸಣ್ಣ ಕೊಂಬೆಗೆ ಇಂಗ್ಲಿಷ್‌ನಲ್ಲಿ ಯಾವ ಪದ?

ಓದುಗರ ಪ್ರಶ್ನೆ: ನಾನು ಒಂದು ಕನ್ನಡ ಮಕ್ಕಳ ಕಥೆಯನ್ನು ಇಂಗ್ಲಿಷ್‌ಗೆ ಅನುವಾದ ಮಾಡುತ್ತಿದ್ದೇನೆ. ಕಥೆ ಪೂರ್ತಿ ಒಂದು ಮರದ ಸುತ್ತಲೇ ನಡೆಯುತ್ತದೆ. ಹಕ್ಕಿ ಗೂಡಿಗೆ ಕಡ್ಡಿ ತರುತ್ತದೆ. ಹುಡುಗ ಕೊಂಬೆಯ ಮೇಲೆ ಕೂರುತ್ತಾನೆ. ಅಜ್ಜಿ ಒಲೆಗೆ ಪುಳ್ಳೆ ಆರಿಸುತ್ತಾಳೆ. ಮಾವ ಅದೇ ಮರದ ಎಳೆ ರೆಂಬೆಯೊಂದನ್ನು ಕತ್ತರಿಸಿ ಬೇರೆ ಗಿಡಕ್ಕೆ ಕಸಿ ಕಟ್ಟುತ್ತಾನೆ. ಎಷ್ಟು ಸಲ ಬ್ರಾಂಚ್ ಅಂತ ಬರೆಯೋದು ಎಂದು ಸಮಾನಾರ್ಥಕ ಪದಗಳ ಕೋಶ ತೆಗೆದೆ. ಟ್ವಿಗ್, ಸ್ಪ್ರಿಗ್, ಶೂಟ್, ಸ್ಪ್ರೇ, ಬ್ರಾಂಚ್‌ಲೆಟ್, ಬೌ, ಲಿಂಬ್, ಸ್ಟಿಕ್, ಸ್ವಿಚ್, ಆಫ್‌ಶೂಟ್ ಎಲ್ಲ ಒಂದೇ ಸಾಲಿನಲ್ಲಿದ್ದವು. ಒಂದಾದ ಮೇಲೆ ಒಂದು ಬದಲಾಯಿಸಿ ಹಾಕಿದೆ. ಓದಿದ ಗೆಳತಿ, "ಹುಡುಗ ಸ್ಪ್ರಿಗ್ ಮೇಲೆ ಹೇಗೆ ಕೂತ?" ಎಂದು ನಕ್ಕಳು. ಈ ಪದಗಳಿಗೆ ದಪ್ಪ, ಉದ್ದದ ಲೆಕ್ಕ ಏನಾದರೂ ಇದೆಯೇ? ಬೌ ಎಂಬುದು ಹಳೆಯ ಕಾಲದ ಪದವೇ? ಸುಮ್ನೆ ಎಲ್ಲ ಕಡೆ ಸ್ಮಾಲ್ ಬ್ರಾಂಚ್ ಎಂದು ಬರೆದುಬಿಟ್ಟರೆ ಆಗುವುದಿಲ್ಲವೇ?

ಉತ್ತರ:

ನಿಮ್ಮ ಗೆಳತಿ ನಕ್ಕಿದ್ದರಲ್ಲಿ ನ್ಯಾಯವಿದೆ. ಸ್ಪ್ರಿಗ್ ಎಂದರೆ ಎರಡು ಬೆರಳಲ್ಲಿ ಚಿವುಟಿಕೊಳ್ಳಬಹುದಾದ, ಎಲೆಯೋ ಹೂವೋ ಇರುವ ಪುಟ್ಟ ಕುಡಿ. ಅದರ ಮೇಲೆ ಗುಬ್ಬಿ ಕೂರುವುದೂ ಕಷ್ಟ. ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವ ಅನುವಾದಗಳನ್ನು ತಿದ್ದುವುದು ನನ್ನ ಕೆಲಸ. ಮರ ಬರುವ ಕಥೆಗಳಲ್ಲಿ ಈ ತೊಡಕು ಮತ್ತೆ ಮತ್ತೆ ಕಾಣಿಸುತ್ತದೆ. ಅನುವಾದಕರ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ, ಎಡವುವುದು ಕೋಶ ಬಳಸುವ ರೀತಿಯಲ್ಲಿ.

ನಿಮ್ಮ ಆತಂಕವನ್ನು ಬಿಡಿಸಿದರೆ ಎರಡು ಎಳೆ ಸಿಗುತ್ತವೆ. ಒಂದೇ ಪದ ಪದೇಪದೇ ಬಂದರೆ ಓದುಗರಿಗೆ ಬೇಸರವಾದೀತು ಎಂಬುದು ಒಂದು. ಬದಲಾಯಿಸಿದರೆ ತಪ್ಪು ಪದ ಬಿದ್ದೀತು ಎಂಬುದು ಇನ್ನೊಂದು. ಎರಡನೆಯದಕ್ಕೆ ಹೆದರಬೇಕಾದ್ದೇ. ಮೊದಲನೆಯದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದೇ ವಸ್ತುವಿಗೆ ಸಾಲಿಗೊಂದು ಹೆಸರು ಕೊಡುವ ಈ ಚಟಕ್ಕೆ ಇಂಗ್ಲಿಷ್ ವ್ಯಾಕರಣದ ಬರಹಗಾರ ಎಚ್. ಡಬ್ಲ್ಯು. ಫೌಲರ್ ಸುಮಾರು ನೂರು ವರ್ಷಗಳ ಹಿಂದೆಯೇ ಎಲಿಗಂಟ್ ವೇರಿಯೇಶನ್ ಎಂದು ಅಣಕದ ಹೆಸರಿಟ್ಟ. ಬ್ರಾಂಚ್ ಎಂದು ಎರಡು ಸಾಲಿನಲ್ಲಿ ಎರಡು ಸಲ ಬಂದರೆ ಇಂಗ್ಲಿಷ್ ಓದುಗರು ಗಮನಿಸುವುದೂ ಇಲ್ಲ. ಮೊದಲ ಸಾಲಿನಲ್ಲಿ ಬ್ರಾಂಚ್, ಮುಂದಿನ ಸಾಲಿನಲ್ಲಿ ಲಿಂಬ್ ಬಂದರೆ ಮಾತ್ರ "ಇದು ಬೇರೆ ಕೊಂಬೆಯಾ?" ಎಂದು ನಿಂತು ಯೋಚಿಸುತ್ತಾರೆ. ಮಕ್ಕಳಂತೂ ಖಂಡಿತ ಕೇಳುತ್ತಾರೆ.

ಕೋಶದ ಸಾಲಿನಲ್ಲಿ ಒಟ್ಟಿಗಿರುವ ಪದಗಳೆಲ್ಲ ಒಂದೇ ಅರ್ಥದವು ಎಂಬ ನಂಬಿಕೆ ಬಹಳ ಜನರಲ್ಲಿದೆ. ಇಂಗ್ಲಿಷ್‌ನ ಹೆಸರುವಾಸಿ ಥಿಸಾರಸ್ (ಇಂಥ ಕೋಶಕ್ಕೆ ಇಂಗ್ಲಿಷ್ ಹೆಸರು) ಮಾಡಿದ ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. 1852ರಲ್ಲಿ ಅದನ್ನು ಹೊರತಂದಾಗ ಅವನು ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ವಿಚಾರಗಳ ಪ್ರಕಾರ ಗುಂಪು ಮಾಡಿದ್ದ. ಮನಸ್ಸಿನಲ್ಲಿ ಒಂದು ವಿಚಾರವಿದೆ, ಪದ ಹೊಳೆಯುತ್ತಿಲ್ಲ, ಆಗ ಆ ಗುಂಪು ನೋಡಿದರೆ ಗೊತ್ತಿದ್ದ ಪದ ನೆನಪಾಗುತ್ತದೆ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿ ವಾಕ್ಯಕ್ಕೆ ಕೂರಿಸಿದರೆ ಸ್ಪ್ರಿಗ್ ಮೇಲೆ ಕೂತ ಹುಡುಗ ಹುಟ್ಟುತ್ತಾನೆ.

ಇನ್ನು ಅಳತೆಯ ಲೆಕ್ಕ. ಇಷ್ಟು ಮಿಲಿಮೀಟರ್‌ವರೆಗೆ ಟ್ವಿಗ್, ಅಲ್ಲಿಂದ ಮುಂದೆ ಬ್ರಾಂಚ್, ಇನ್ನೂ ದಪ್ಪವಾದರೆ ಬೌ, ಕೊನೆಗೆ ಲಿಂಬ್ ಎಂದು ಏಣಿಯಂತೆ ಜೋಡಿಸಿದ ಪಟ್ಟಿಗಳು ಓಡಾಡುತ್ತಿರುತ್ತವೆ. ನೋಡಲು ಚೆನ್ನಾಗಿವೆ. ಅರ್ಧ ನಿಜವೂ ಹೌದು. ಟ್ವಿಗ್ ಸಣ್ಣದು, ಲಿಂಬ್ ದೊಡ್ಡದು ಎಂಬುದರಲ್ಲಿ ತಕರಾರಿಲ್ಲ. ಆದರೆ ದಿನಬಳಕೆಯ ಇಂಗ್ಲಿಷ್‌ನಲ್ಲಿ ಈ ಮೆಟ್ಟಿಲುಗಳ ನಡುವೆ ಗೆರೆ ಎಳೆದವರು ಯಾರೂ ಇಲ್ಲ.

ನಿಖರವಾದ ಅಳತೆ ಬೇಕಾದವರು ಈ ಪದಗಳನ್ನು ನಂಬದೆ ಅಂಕಿಗಳನ್ನೇ ಇಟ್ಟುಕೊಂಡಿದ್ದಾರೆ. ಅಮೆರಿಕದಲ್ಲಿ ಕಾಡ್ಗಿಚ್ಚಿನ ಲೆಕ್ಕ ಹಾಕುವವರು ನೆಲಕ್ಕೆ ಬಿದ್ದ ಒಣ ಕಟ್ಟಿಗೆಯನ್ನು ದಪ್ಪದ ಮೇಲೆ ವಿಂಗಡಿಸುತ್ತಾರೆ. ಕಾಲು ಇಂಚಿಗಿಂತ ತೆಳುವಾದದ್ದು 1 ಗಂಟೆಯ ಉರುವಲು. ಕಾಲಿನಿಂದ 1 ಇಂಚು 10 ಗಂಟೆಯದು, 1ರಿಂದ 3 ಇಂಚು 100 ಗಂಟೆಯದು, 3ರಿಂದ 8 ಇಂಚು 1000 ಗಂಟೆಯದು. ಗಾಳಿಯ ತೇವ ಬದಲಾದಾಗ ಕಟ್ಟಿಗೆ ಅದಕ್ಕೆ ಹೊಂದಿಕೊಳ್ಳಲು ಸುಮಾರಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಆ ಹೆಸರಿನ ಗುಟ್ಟು. ಮೊದಲ ಗುಂಪಿನಲ್ಲಿ ಟ್ವಿಗ್‌ಗಳೂ ಇವೆ, ಒಣಹುಲ್ಲೂ ತರಗೆಲೆಯೂ ಇವೆ. ಬೆಂಕಿಗೆ ಆ ಭೇದವೆಲ್ಲ ಬೇಡ.

ಸಸ್ಯ ನೋಡುವವರು ದಪ್ಪವನ್ನು ಬಿಟ್ಟು ವಯಸ್ಸನ್ನು ಹಿಡಿಯುತ್ತಾರೆ. ತೋಟಗಾರಿಕೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಈ ಋತುವಿನಲ್ಲಿ ಬೆಳೆಯುತ್ತಿರುವ, ಎಲೆ ಹೊತ್ತ ಹೊಸ ಬೆಳವಣಿಗೆ ಶೂಟ್. ಅದು ಬಲಿತು, ಎಲೆ ಉದುರಿಸಿ, ಒಂದು ವರ್ಷದ ಮರವಾಗಿ ನಿಂತಾಗ ಟ್ವಿಗ್. ಅದಕ್ಕಿಂತ ಹಳೆಯದಾದರೆ ಬ್ರಾಂಚ್. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಮರವೆಲ್ಲ ಬೋಳಾದಾಗ, ಟ್ವಿಗ್ ನೋಡಿಯೇ ಇದು ಯಾವ ಮರ ಎಂದು ಗುರುತಿಸುವ ವಿದ್ಯೆಯೇ ಇದೆ. ಮೊಗ್ಗು ಎದುರುಬದುರು ಇದೆಯೋ ಒಂದಾದ ಮೇಲೊಂದು ಇದೆಯೋ, ಎಲೆ ಕಳಚಿದ ಗುರುತು ಯಾವ ಆಕಾರದಲ್ಲಿದೆ, ತುದಿಮೊಗ್ಗಿನ ಹೊದಿಕೆ ಬಿದ್ದ ಕಡೆ ಬಳೆಯಂಥ ಗೆರೆ ಎಲ್ಲಿದೆ ಎಂದೆಲ್ಲ ನೋಡುತ್ತಾರೆ. ಒಂದು ಬಳೆಗೆರೆಯಿಂದ ಇನ್ನೊಂದಕ್ಕೆ ಒಂದು ವರ್ಷದ ಬೆಳವಣಿಗೆ.

ಈ ವಯಸ್ಸಿನ ಲೆಕ್ಕ ಹಿಡಿದರೆ ಗಾತ್ರದ ಏಣಿ ಪೂರ್ತಿ ಅಲುಗಾಡುತ್ತದೆ. ಬುಡಕ್ಕೆ ಕಡಿದ ವಿಲೋ ಒಂದೇ ಋತುವಿನಲ್ಲಿ ಆಳೆತ್ತರಕ್ಕೂ ಮೀರಿ ಚಿಗುರೊಡೆಯಬಲ್ಲದು. ಅದು ಇನ್ನೂ ಶೂಟ್. ಸೇಬಿನ ಮರದಲ್ಲಿ ಹಣ್ಣು ಬಿಡುವ ಮೋಟು ರೆಂಬೆಗೆ ಸ್ಪರ್ ಎನ್ನುತ್ತಾರೆ. ಅದಕ್ಕೆ ಹಲವು ವರ್ಷ ವಯಸ್ಸಾಗಿದ್ದರೂ ಬೆರಳುದ್ದ ಇದ್ದರೆ ಹೆಚ್ಚು. ಉದ್ದವಾದದ್ದು ಮರಿ, ಮೋಟಾದದ್ದು ಮುದಿ.

(ಮಾತು ಬಂತು ಎಂದು ಹೇಳುತ್ತೇನೆ. ಸಸ್ಯಶಾಸ್ತ್ರದಲ್ಲಿ ನಿಂಬೆ ಗಿಡದ ಮುಳ್ಳು ಕೂಡ ಒಂದು ರೆಂಬೆಯೇ. ಎಲೆಯ ಕಂಕುಳಿನಿಂದ ಹೊರಟ ಕವಲು ಚೂಪಾಗಿ ಮುಳ್ಳಾಗಿರುತ್ತದೆ. ಅದು ಥಾರ್ನ್. ಕಳ್ಳಿಯದು ಎಲೆ ಮಾರ್ಪಟ್ಟ ಮುಳ್ಳು, ಅದು ಸ್ಪೈನ್. ಗುಲಾಬಿಯದು ಬರೀ ತೊಗಟೆಯಿಂದ ಎದ್ದದ್ದು, ಅದು ಪ್ರಿಕಲ್. ಆದರೂ ಇಡೀ ಇಂಗ್ಲಿಷ್ ಲೋಕ ಗುಲಾಬಿಗೆ ಥಾರ್ನ್ ಎಂದೇ ಹೇಳುತ್ತದೆ. ನಿಮ್ಮ ಕಥೆಯಲ್ಲೂ ಹಾಗೇ ಇರಲಿ.)

ಹಾಗಾದರೆ ಪದ ಆರಿಸುವುದು ಹೇಗೆ? ನಾನು ಹಸ್ತಪ್ರತಿ ತಿದ್ದುವಾಗ ಗಾತ್ರವನ್ನು ಕೊನೆಗೆ ಕೇಳಿಕೊಳ್ಳುತ್ತೇನೆ. ಮೊದಲು ಕೇಳುವುದು, ಅದು ಇನ್ನೂ ಮರದಲ್ಲಿದೆಯೋ ಕಳಚಿ ಬಂದಿದೆಯೋ? ಆಮೇಲೆ, ಹಸಿಯೋ ಒಣಗಿದ್ದೋ? ಆಮೇಲೆ, ಯಾರ ಕೈಗೆ ಸಿಕ್ಕಿದೆ? ಈ ಮೂರನೆಯ ಪ್ರಶ್ನೆಯೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತದೆ. ಅದೇ ಒಂದು ಗೇಣಿನ ರೆಂಬೆ ಹಕ್ಕಿಯ ಕೊಕ್ಕಿನಲ್ಲಿ ಟ್ವಿಗ್, ಅಡುಗೆಯವರ ಕೈಯಲ್ಲಿ ಸ್ಪ್ರಿಗ್, ಹೂ ಜೋಡಿಸುವವರ ಕೈಯಲ್ಲಿ ಸ್ಪ್ರೇ, ಕಸಿ ಕಟ್ಟುವವರ ಕೈಯಲ್ಲಿ ಸೈಯನ್, ನೆಟ್ಟು ಬೇರು ಬರಿಸುವವರ ಕೈಯಲ್ಲಿ ಕಟಿಂಗ್, ಹೊಡೆಯಲು ಎತ್ತಿದವರ ಕೈಯಲ್ಲಿ ಸ್ವಿಚ್, ನಾಯಿಯ ಬಾಯಲ್ಲಿ ಸ್ಟಿಕ್.

ಈಗ ನಿಮ್ಮ ಕಥೆಗೇ ಬರೋಣ.

ಹಕ್ಕಿಯ ಕಡ್ಡಿ ಟ್ವಿಗ್. ಇಲ್ಲಿ ಯೋಚಿಸುವುದಕ್ಕೇ ಇಲ್ಲ. ಗೂಡು ಎಂದ ಕೂಡಲೇ ಇಂಗ್ಲಿಷ್ ಕಿವಿಗೆ ಟ್ವಿಗ್ಸ್ ಎಂದೇ ಕೇಳಿಸುತ್ತದೆ. ಗಿಡುಗ, ಕೊಕ್ಕರೆಯಂಥ ದೊಡ್ಡ ಹಕ್ಕಿಯಾದರೆ ಸ್ಟಿಕ್ಸ್ ಎನ್ನಬಹುದು. ಟ್ವಿಗ್ ಎಂದರೆ ಒಣಗಿದ್ದೇ ಆಗಬೇಕು ಎಂದು ಕೆಲವರು ಅಂದುಕೊಂಡಿದ್ದಾರೆ, ಹಾಗೇನಿಲ್ಲ. ಮರದಲ್ಲಿರುವ ಹಸಿ ಟ್ವಿಗ್ ಕೂಡ ಟ್ವಿಗ್ಗೇ. ಆದರೆ ವಿವರಣೆ ಇಲ್ಲದೆ ಬರೀ ಟ್ವಿಗ್ ಎಂದರೆ ಬೋಳಾದ, ತೆಳ್ಳನೆಯ, ಪಟ್ಟನೆ ಮುರಿಯುವ ಕಡ್ಡಿ ಕಣ್ಣ ಮುಂದೆ ಬರುತ್ತದೆ ಎಂಬುದು ನಿಜ. ಕಾಡಿನಲ್ಲಿ ಯಾರೋ ಬರುತ್ತಿದ್ದಾರೆ ಎಂದು ತಿಳಿಸಲು ಇಂಗ್ಲಿಷ್ ಕಥೆಗಾರರು ಕಾಲಡಿಯಲ್ಲಿ ಟ್ವಿಗ್ ಒಂದನ್ನು ಮುರಿಸುತ್ತಲೇ ಇರುತ್ತಾರೆ. ಅಲ್ಲಿನ ಕ್ರಿಯಾಪದ ಸ್ನ್ಯಾಪ್.

ಕ್ರಿಯಾಪದ ಎಂದೆನಲ್ಲ, ನನಗೆ ಗೊತ್ತಿರುವ ಒಳ್ಳೆಯ ಪರೀಕ್ಷೆ ಅದೇ. ಪ್ರತಿ ಪದಕ್ಕೂ ಅದರದೇ ಜೊತೆಗಾರರಿದ್ದಾರೆ. ಟ್ವಿಗ್ ಸ್ನ್ಯಾಪ್ ಆಗುತ್ತದೆ. ಬೌ ಬೆಂಡ್ ಆಗುತ್ತದೆ, ಹಣ್ಣಿನ ಭಾರಕ್ಕೋ ಹಿಮದ ಭಾರಕ್ಕೋ ಬಾಗುತ್ತದೆ, ಗಾಳಿಗೆ ಸ್ವೇ ಆಗುತ್ತದೆ, ಕಿರುಗುಟ್ಟುತ್ತದೆ. ಲಿಂಬ್ ಬಿರುಗಾಳಿಗೆ ಮುರಿದು ಕಾರಿನ ಮೇಲೆ ಬೀಳುತ್ತದೆ, ಮರ ಕಡಿಯುವವರು ಅದನ್ನು ಗರಗಸ ಹಿಡಿದು ತೆಗೆಯುತ್ತಾರೆ. ಶೂಟ್ ಮೇಲಕ್ಕೆ ಏಳುತ್ತದೆ, ಹೊರಡುತ್ತದೆ. ಸ್ಪ್ರಿಗ್ಗನ್ನು ಚಿವುಟುತ್ತಾರೆ, ಕೋಟಿನ ಗುಂಡಿಯ ತೂತಿಗೆ ಸಿಕ್ಕಿಸುತ್ತಾರೆ. ಸ್ಟಿಕ್ಕನ್ನು ಎಸೆಯುತ್ತಾರೆ, ಆರಿಸುತ್ತಾರೆ, ಊರಿಕೊಂಡು ನಡೆಯುತ್ತಾರೆ. ಸ್ಪ್ರಿಗ್ ಸ್ನ್ಯಾಪ್ ಆಯಿತು ಎಂದೋ ಟ್ವಿಗ್ ಕಾರಿನ ಮೇಲೆ ಬಿದ್ದು ಗಾಜು ಒಡೆಯಿತು ಎಂದೋ ಬರೆದು ನೋಡಿ, ಎಲ್ಲೋ ಎಡವಟ್ಟಾಗಿದೆ ಎಂದು ನಿಮಗೇ ಅನಿಸುತ್ತದೆ. ನಾಮಪದದಲ್ಲಿ ಅನುಮಾನ ಬಂದಾಗ ಪಕ್ಕದ ಕ್ರಿಯಾಪದ ನೋಡಿ.

ಹುಡುಗ ಕೂತದ್ದು ಬ್ರಾಂಚ್ ಮೇಲೆ. ಕೂರಲು, ಹತ್ತಲು, ಜೋಕಾಲಿ ಕಟ್ಟಲು ಅದೇ ಸಾಕು. ಮರದ ಕಾಂಡದಿಂದಲೇ ಹೊರಟ ಭಾರಿ ಕೊಂಬೆ ಎಂದು ಒತ್ತಿ ಹೇಳಬೇಕಾದರೆ ಲಿಂಬ್ ಬರಲಿ. ಇದು ಕೈಕಾಲಿಗೂ ಇರುವ ಪದ. ಹಾಗಾಗಿ ಹುಡುಗ ಬಿದ್ದು ಕೈ ಮುರಿದುಕೊಳ್ಳುವ ಸಾಲಿನಲ್ಲಿ ಮರಕ್ಕೆ ಲಿಂಬ್ ಬಳಸಬೇಡಿ, ಮುರಿದದ್ದು ಯಾವುದು ಎಂದು ಗೊಂದಲವಾಗುತ್ತದೆ. ಔಟ್ ಆನ್ ಎ ಲಿಂಬ್ ಎಂಬ ನುಡಿಗಟ್ಟೂ ಇದೆ. ಜೊತೆಗೆ ಯಾರೂ ಇಲ್ಲದೆ ಅಪಾಯದ ಜಾಗದಲ್ಲಿ ನಿಂತಿರುವುದು ಎಂದು ಅರ್ಥ. ಹುಡುಗ ನಿಜವಾಗಿಯೂ ಕೊಂಬೆಯ ತುದಿಗೆ ಹೋಗಿದ್ದಾನೆ ಎಂದು ಈ ಮಾತಲ್ಲಿ ಬರೆದರೆ ದೊಡ್ಡವರು ನಗುತ್ತಾರೆ. ಬೇಕೆಂದೇ ಬರೆದಿದ್ದರೆ ಸರಿ. ಎರಡು ಕೊಂಬೆ ಕವಲೊಡೆದ ಕಡೆ ಹುಡುಗ ಕೂತಿದ್ದರೆ ಫೋರ್ಕ್ ಎನ್ನಿ. ಮರ ಸವರುವ ವೃತ್ತಿಯವರು ಅದಕ್ಕೆ ಕ್ರಾಚ್ ಎನ್ನುತ್ತಾರೆ. ಆದರೆ ಅದಕ್ಕೆ ತೊಡೆಸಂದಿ ಎಂಬ ಅರ್ಥವೂ ಇರುವುದರಿಂದ ಮಕ್ಕಳ ಪುಸ್ತಕಕ್ಕೆ ಬೇಡ.

ಅಜ್ಜಿಯ ಪುಳ್ಳೆಗೆ ಕಿಂಡ್ಲಿಂಗ್. ಬೆಂಕಿ ಹೊತ್ತಿಸಲು ಬೇಕಾದ ಸಣ್ಣ ಒಣಕಟ್ಟಿಗೆಗೆ ಇಂಗ್ಲಿಷ್‌ನಲ್ಲಿರುವ ಮನೆಮಾತು ಅದೇ. ಅಜ್ಜಿ ಸ್ಟಿಕ್ಸ್ ಅಥವಾ ಡ್ರೈ ಟ್ವಿಗ್ಸ್ ಆರಿಸಿದಳು ಎಂದರೂ ಚೆಂದವೇ. ಇವಕ್ಕಿಂತ ಮೊದಲು ಕಿಡಿ ಹಿಡಿಯುವ ನಾರು, ಒಣಹುಲ್ಲು, ತರಗೆಲೆಗೆ ಟಿಂಡರ್ ಎನ್ನುತ್ತಾರೆ. ಕಾಡಿನ ಅಂಚಿನಲ್ಲಿ ಕಡಿದು ರಾಶಿ ಹಾಕಿದ ಕುರುಚಲು ಬ್ರಷ್‌ವುಡ್. ಹಳೆಯ ನಿಘಂಟುಗಳಲ್ಲಿ ಪುಳ್ಳೆಯ ಹೊರೆಗೆ ಫ್ಯಾಗಟ್ ಎಂದಿರುತ್ತದೆ. ಅದನ್ನು ಮಾತ್ರ ಮುಟ್ಟಲೇಬೇಡಿ. ಇವತ್ತು ಅದು ಸಲಿಂಗಿಗಳನ್ನು ಹಳಿಯುವ ಕೀಳು ಬೈಗುಳ. ಬಂಡಲ್ ಆಫ್ ಸ್ಟಿಕ್ಸ್ ಎಂದರೆ ಕೆಲಸ ಮುಗಿಯಿತು.

ಸ್ಟಿಕ್ ಬಗ್ಗೆ ಒಂದು ಮಾತು. ಅದು ಮರದಲ್ಲಿ ಇರುವುದಿಲ್ಲ. ಕಳಚಿ ಬಿದ್ದ ಮೇಲೆ, ಎಲೆಯೆಲ್ಲ ಹೋದ ಮೇಲೆ ಅದು ಸ್ಟಿಕ್. ಮರದ ಸ್ಟಿಕ್ ಮೇಲೆ ಅಳಿಲು ಓಡಿತು ಎಂದು ಬರೆದರೆ ಇಂಗ್ಲಿಷ್ ಓದುಗರಿಗೆ ಆ ಮರ ಬೊಂಬೆಯ ಮರದಂತೆ ಕಾಣುತ್ತದೆ.

ಮಾವನ ಕಸಿಯದು ಬೇರೆಯೇ ಶಬ್ದಲೋಕ. ಕಸಿ ಕಟ್ಟಲು ಕತ್ತರಿಸಿಕೊಂಡ ತುಂಡು ಸೈಯನ್. ಸಾಮಾನ್ಯವಾಗಿ ಪೆನ್ಸಿಲ್ ದಪ್ಪದ, ಆರೋಗ್ಯವಾದ ಮೊಗ್ಗುಗಳಿರುವ ತುಂಡನ್ನು ಆರಿಸುತ್ತಾರೆ. ಅದನ್ನು ಕೂರಿಸುವ ಬುಡದ ಗಿಡ ರೂಟ್‌ಸ್ಟಾಕ್. ಸೈಯನ್‌ಗೆ ದೊಡ್ಡ ಮನೆತನದ ಕುಡಿ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ವಂಶದ ಕುಡಿ ಎನ್ನುತ್ತೇವಲ್ಲ, ಹಾಗೇ. ಮಕ್ಕಳ ಕಥೆಗೆ ಈ ಪದ ಭಾರವಾದೀತು ಅನಿಸಿದರೆ, ಮಾವ ಒಂದು ಯಂಗ್ ಶೂಟ್ ಕತ್ತರಿಸಿ ಇನ್ನೊಂದು ಗಿಡಕ್ಕೆ ಗ್ರಾಫ್ಟ್ ಮಾಡಿದ ಎಂದು ಬರೆಯಿರಿ. ತೋಟದವರೂ ಆಡುವ ಮಾತು ಅದು. ಕಟಿಂಗ್ ಎನ್ನಬೇಡಿ. ಕಟಿಂಗ್ ಎಂದರೆ ನೆಲಕ್ಕೆ ನೆಟ್ಟು ತನ್ನದೇ ಬೇರು ಬಿಡಿಸುವ ತುಂಡು. ಮಾವ ಮಾಡಿದ್ದು ಅದಲ್ಲ.

ಕಸಿ ಕಟ್ಟಿದ ಗಿಡದ ಬುಡದಿಂದ, ಗಾಯದ ಕೆಳಗಿನಿಂದ ಏಳುವ ಬೇಡದ ಚಿಗುರಿಗೆ ಸಕರ್ ಎನ್ನುತ್ತಾರೆ. ಕಾಂಡದಿಂದಲೋ ದೊಡ್ಡ ಕೊಂಬೆಯಿಂದಲೋ ನೆಟ್ಟಗೆ ಮೇಲಕ್ಕೆ ನುಗ್ಗುವುದು ವಾಟರ್‌ಸ್ಪ್ರೌಟ್. ಎರಡನ್ನೂ ತೋಟಗಾರರು ಕಂಡಲ್ಲಿ ಕತ್ತರಿಸುತ್ತಾರೆ. ಶೂಟ್ ಎಂದರೆ ಒಳ್ಳೆಯದು ಎಂಬ ಭಾವ, ಸಕರ್ ಎಂದರೆ ಕಳ್ಳ ಎಂಬ ಭಾವ.

ಬೌ ಹಳೆಯದೇ?

ಇದಕ್ಕೆ ಹೌದು ಎಂದೂ ಹೇಳಬಹುದು, ಇಲ್ಲ ಎಂದೂ ಹೇಳಬಹುದು. ಬಿ-ಓ-ಯು-ಜಿ-ಎಚ್ ಎಂದು ಬರೆದು ಬೌ ಎಂದು ಓದುವ ಈ ಪದ ಹಳೆಯ ಇಂಗ್ಲಿಷ್‌ನಲ್ಲಿ ಭುಜಕ್ಕೂ ಇತ್ತು, ಕೊಂಬೆಗೂ ಇತ್ತು. ಬ್ರಾಂಚ್ ಆಮೇಲೆ ಫ್ರೆಂಚ್‌ನಿಂದ ಬಂದು ದಿನದ ಮಾತಿನಲ್ಲಿ ಅದರ ಜಾಗ ಹಿಡಿಯಿತು. ಅದರ ಲ್ಯಾಟಿನ್ ಮೂಲಕ್ಕೆ ಪ್ರಾಣಿಯ ಪಂಜ ಎಂಬ ಅರ್ಥ. ಈಗ ಬೌ ಹೆಚ್ಚಾಗಿ ಕವಿತೆ, ಹಾಡು, ಸ್ವಲ್ಪ ಸಿಂಗಾರದ ಗದ್ಯದಲ್ಲಿ ಕಾಣುತ್ತದೆ. ಎಲೆ, ಹೂ, ಹಣ್ಣು ಹೊತ್ತು ಬಾಗಿರುವ ಕೊಂಬೆಗೆ ಅದರಷ್ಟು ಒಪ್ಪುವ ಪದ ಇನ್ನೊಂದಿಲ್ಲ. ಬೋಳು ಕೊಂಬೆಗೆ ಹಾಕಿದರೆ ಮಾತ್ರ ನಾಟಕದ ಮಾತಿನಂತೆ ಕೇಳಿಸುತ್ತದೆ.

ಆದರೆ ಒಂದು ಕಡೆ ಬೌ ಇವತ್ತಿಗೂ ವ್ಯಾಪಾರದ ಮಾತು. ಉತ್ತರ ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹಾರ, ಬಾಗಿಲಿಗೆ ತೂಗುವ ಬಳೆಯಾಕಾರದ ರೀತ್ ಕಟ್ಟಲು ಫರ್ ಮರದ ಹಸಿರು ತುದಿಗಳನ್ನು ಮುರಿದು ಮಾರುತ್ತಾರೆ. ತೋಳುದ್ದವೂ ಇರದ ಆ ತುದಿಗಳಿಗೆ ಬೌ ಎಂದೇ ಹೆಸರು. ಗಾತ್ರದ ಏಣಿ ನಂಬಿದವರಿಗೆ ಇದು ವಿಚಿತ್ರ ಅನಿಸಬೇಕು. ಅಲ್ಲಿ ಲೆಕ್ಕಕ್ಕೆ ಬರುವುದು ಹಸಿರು ತುಂಬಿಕೊಂಡಿರುವುದು, ದಪ್ಪವಲ್ಲ.

ಸ್ಪ್ರೇ ಕೂಡ ಇದೇ ಜಾತಿ. ಹೂವೋ ಎಲೆಯೋ ಹರಡಿಕೊಂಡ ಚಪ್ಪಟೆ ಕುಡಿ. ಒಂದೇ ಕಾಂಡದಲ್ಲಿ ಹಲವು ಹೂ ಬಿಡುವ ಗುಲಾಬಿಗೆ ಹೂವಿನ ಅಂಗಡಿಗಳಲ್ಲಿ ಸ್ಪ್ರೇ ರೋಸ್ ಎನ್ನುತ್ತಾರೆ. ನೀರು ಚಿಮುಕಿಸುವ ಸ್ಪ್ರೇಗೂ ಇದಕ್ಕೂ ಬೇರು ಬೇರೆ, ಕೇಳಲು ಮಾತ್ರ ಒಂದೇ. ಮಕ್ಕಳು ನೀರಿನ ಸ್ಪ್ರೇ ಎಂದೇ ತಿಳಿಯುವ ಸಂಭವ ಜಾಸ್ತಿ. ಸ್ಪ್ರಿಗ್ ಬಗ್ಗೆ ಆಗಲೇ ಹೇಳಿದೆ. ಪುದೀನ, ರೋಸ್ಮರಿ, ಲ್ಯಾವೆಂಡರ್‌ನಂಥ ಸುವಾಸನೆಯ ಗಿಡಗಳಿಗೆ ಅದು ಹೇಳಿ ಮಾಡಿಸಿದ್ದು. ಎಲೆ ಪೂರ್ತಿ ಕಿತ್ತುಬಿಟ್ಟರೆ ಉಳಿಯುವ ಬರೀ ಕಡ್ಡಿ ಸ್ಪ್ರಿಗ್ ಅಲ್ಲ.

ಇಲ್ಲಿ ಸಣ್ಣ ಎಚ್ಚರಿಕೆ. ಬೇವು, ನುಗ್ಗೆಯಂಥ ಮರಗಳಲ್ಲಿ ಸಾಲು ಎಲೆ ಹೊತ್ತ ತೆಳು ಕಡ್ಡಿಯನ್ನು ನಾವು ರೆಂಬೆ ಎಂದುಕೊಳ್ಳುವುದುಂಟು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಆ ಕಡ್ಡಿ ಸಮೇತ ಇಡೀ ಗರಿಯೇ ಒಂದು ಎಲೆ. ಪ್ರತಿ ಪುಟ್ಟ ಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ, ಇಡೀ ಗರಿಯ ಬುಡದಲ್ಲಿ ಇರುತ್ತದೆ. ಅದನ್ನು ಟ್ವಿಗ್ ಎಂದರೆ ತಪ್ಪು. ಕಥೆಯಲ್ಲಿ ಸ್ಪ್ರಿಗ್ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಪಠ್ಯಪುಸ್ತಕವಾದರೆ ಲೀಫ್ ಎಂದೇ ಇರಬೇಕು.

ಪಟ್ಟಿಯಲ್ಲಿ ಉಳಿದವನ್ನು ಬೇಗ ಮುಗಿಸುತ್ತೇನೆ. ಬ್ರಾಂಚ್‌ಲೆಟ್ ಸಸ್ಯವರ್ಣನೆಯ ಪುಸ್ತಕದ ಪದ, ಬಾಯಲ್ಲಿ ಯಾರೂ ಆಡುವುದಿಲ್ಲ. ಆಫ್‌ಶೂಟ್ ಈಗ ಹೆಚ್ಚಾಗಿ ಸಂಸ್ಥೆ, ಚಳವಳಿ, ಭಾಷೆಗಳ ಕವಲಿಗೆ ಸಲ್ಲುತ್ತದೆ. ಸ್ವಿಚ್ ಎಂದರೆ ಬಳುಕುವ ಬರಲು, ಹೊಡೆಯಲು ಕಿತ್ತುಕೊಂಡದ್ದು. ದೀಪದ ಸ್ವಿಚ್ ತಿಳಿದ ಮಗುವಿಗೆ ವಿವರಣೆ ಬೇಕಾಗುತ್ತದೆ. ವಾಂಡ್ ಒಂದು ಕಾಲಕ್ಕೆ ಬರೀ ತೆಳು ಕೋಲು. ಈಗ ಮಂತ್ರದಂಡ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ವಿದಿ, ಓಸಿಯರ್ ಬುಟ್ಟಿ ಹೆಣೆಯುವ ವಿಲೋ ಬರಲುಗಳು, ಇಂಗ್ಲೆಂಡಿನ ಸಾಮರ್‌ಸೆಟ್ ಕಡೆಯ ಬುಟ್ಟಿಗಾರರಿಗೆ ದಿನದ ಮಾತು, ಬೇರೆಯವರಿಗೆ ನಿಘಂಟಿನ ಮಾತು. ವಾಟಲ್ ಎಂದರೆ ಹೆಣೆದು ಬೇಲಿಯೋ ಗೋಡೆಯೋ ಮಾಡುವ ಕೋಲುಗಳು. ಆಸ್ಟ್ರೇಲಿಯಾದವರಿಗೆ ಮಾತ್ರ ಅದು ಹಳದಿ ಹೂವಿನ ಅಕೇಶಿಯ ಮರ.

ಕನ್ನಡದ ಕಡೆಯ ಬಲೆಗಳು

ತಪ್ಪುಗಳಲ್ಲಿ ಅರ್ಧದಷ್ಟು ಇಂಗ್ಲಿಷ್ ಗೊತ್ತಿಲ್ಲದೆ ಆಗುವುದಿಲ್ಲ. ಕನ್ನಡ ಪದವನ್ನು ಸರಿಯಾಗಿ ಬಿಡಿಸಿಕೊಳ್ಳದೆ ಆಗುತ್ತವೆ. ಕಡ್ಡಿ ಎಂಬುದನ್ನೇ ನೋಡಿ. ಬೆಂಕಿಕಡ್ಡಿ, ಊದುಬತ್ತಿಯ ಕಡ್ಡಿ, ಪೊರಕೆಕಡ್ಡಿ, ಕಸಿಯ ಕಡ್ಡಿ, ಗೂಡಿನ ಕಡ್ಡಿ ಎಲ್ಲಕ್ಕೂ ನಮಗೆ ಒಂದೇ ಪದ. ಇಂಗ್ಲಿಷ್‌ಗೆ ಇವು ಒಂದೊಂದೂ ಬೇರೆ. ಪೊರಕೆಕಡ್ಡಿ ತೆಂಗಿನ ಗರಿಯದಾದರೆ ಅದು ಟ್ವಿಗ್ ಅಲ್ಲವೇ ಅಲ್ಲ, ಎಲೆಯ ನಡುನರ. ಇನ್ನು "ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ" ಎಂಬಲ್ಲಿ ಟ್ವಿಗ್ ತಂದವರನ್ನು ನಾನು ಕಂಡಿದ್ದೇನೆ. ಹಿ ಸೆಡ್ ಇಟ್ ಫ್ಲಾಟ್ಲಿ ಎಂದರೆ ಸಾಕು. ಕಡ್ಡಿಯನ್ನು ಗುಡ್ಡ ಮಾಡುವುದಕ್ಕೆ ಇಂಗ್ಲಿಷ್‌ನಲ್ಲಿ ನೆಲ ಕೊರೆಯುವ ಮೋಲ್ ಎಂಬ ಪುಟ್ಟ ಪ್ರಾಣಿ ಎಬ್ಬಿಸಿದ ಮಣ್ಣುಗುಪ್ಪೆಯನ್ನು ಬೆಟ್ಟ ಮಾಡುತ್ತಾರೆ.

ರೆಂಬೆಕೊಂಬೆ ಎಂಬ ಜೋಡಿಪದವೂ ಹಾಗೇ. ಮರ ರೆಂಬೆಕೊಂಬೆ ಚಾಚಿ ನಿಂತಿತ್ತು ಎಂದರೆ ಸೊಂಪಾಗಿ ಹರಡಿತ್ತು ಎಂದಷ್ಟೇ ಅರ್ಥ. ಟ್ವಿಗ್ಸ್ ಆ್ಯಂಡ್ ಬ್ರಾಂಚಸ್ ಎಂದು ಎರಡನ್ನೂ ಬಿಡಿಬಿಡಿಯಾಗಿ ತಂದರೆ ಸಾಮಾನಿನ ಪಟ್ಟಿ ಓದಿದಂತಾಗುತ್ತದೆ. ಬ್ರಾಂಚಸ್ ಎಂದು ಒಂದೇ ಪದ ಸಾಕು, ಹಸಿರು ತುಂಬಿದ್ದರೆ ಬೌಸ್.

ಕೊಂಬೆ ದೊಡ್ಡದು, ರೆಂಬೆ ಸಣ್ಣದು ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಟೊಂಗೆ ಎಂದರೆ ಎಷ್ಟು ದಪ್ಪ? ಕರಾವಳಿಯವರು ಗೆಲ್ಲು ಎಂದಾಗ ಯಾವ ಗಾತ್ರ? ಮೂಲ ಲೇಖಕರು ಯಾವ ಸೀಮೆಯವರು ಎಂಬುದರ ಮೇಲೆ ಇದು ಬದಲಾಗುತ್ತದೆ. ಅನುಮಾನವಿದ್ದರೆ ಲೇಖಕರನ್ನೇ ಕೇಳಿ. ಕೇಳಲು ಆಗದಿದ್ದರೆ ಆ ಟೊಂಗೆಯ ಮೇಲೆ ಕಥೆಯಲ್ಲಿ ಏನು ನಡೆಯುತ್ತದೆ ನೋಡಿ. ಕಾಗೆ ಕೂತಿತೋ ಕೋತಿ ಜಿಗಿಯಿತೋ ಎಂಬುದರಲ್ಲೇ ಉತ್ತರ ಇರುತ್ತದೆ.

ಒಂದು ಗಾದೆಯೂ ಎದುರಾದೀತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಹತ್ತಿರದ ಮಾತಿದೆ. ಅಲ್ಲಿ ಗಿಡದ ಜಾಗದಲ್ಲಿ ಟ್ವಿಗ್ ಬರುತ್ತದೆ, ಟ್ವಿಗ್ ಹೇಗೆ ಬಗ್ಗಿತೋ ಮರ ಹಾಗೇ ವಾಲುತ್ತದೆ ಎಂದು. ಆ ಗಾದೆಯಲ್ಲಿ ಟ್ವಿಗ್ ಎಂದರೆ ಎಳೆ ಸಸಿ ಎಂದೇ ಅರ್ಥ. ಬೇರೆ ಕಡೆ ಸಸಿಗೆ ಟ್ವಿಗ್ ಬಳಸಬೇಡಿ, ಸ್ಯಾಪ್ಲಿಂಗ್ ಎನ್ನಿ.

ಎಲ್ಲ ಕಡೆ ಸ್ಮಾಲ್ ಬ್ರಾಂಚ್ ಎಂದರೆ?

ಆಗುತ್ತದೆ. ವ್ಯಾಕರಣದ ತಪ್ಪಿಲ್ಲ, ಅರ್ಥದ ತಪ್ಪೂ ಇಲ್ಲ. ಐದು ವರ್ಷದ ಮಕ್ಕಳಿಗೆ, ಹೊಸದಾಗಿ ಇಂಗ್ಲಿಷ್ ಕಲಿಯುವವರಿಗೆ ಬರೆಯುವಾಗ ನಾನೂ ಇದನ್ನೇ ಹೇಳುತ್ತೇನೆ. ಇದರ ಅಪಾಯ ಬೇರೆ. ಹಕ್ಕಿ ಕೊಕ್ಕಿನಲ್ಲಿ ಸ್ಮಾಲ್ ಬ್ರಾಂಚ್ ಹಿಡಿದು ಬಂತು ಎಂದರೆ ಓದುಗರ ಕಣ್ಣಿಗೆ ಎಲೆಗಿಲೆ ಸಮೇತ ಒಂದು ರೆಂಬೆ ಹೊತ್ತು ತಿಣುಕುವ ಹಕ್ಕಿ ಕಾಣುತ್ತದೆ. ಅಜ್ಜಿ ಸ್ಮಾಲ್ ಬ್ರಾಂಚಸ್ ಆರಿಸಿದರೆ ಏಕೆ ಆರಿಸಿದಳು ಎಂಬುದು ಕಾಣುವುದಿಲ್ಲ. ಕಿಂಡ್ಲಿಂಗ್ ಎಂದರೆ ಒಲೆ ಆಗಲೇ ಅದರೊಳಗಿದೆ.

ಎಲ್ಲ ಕಡೆ ನಿಖರ ಪದವನ್ನೇ ಹಾಕುವುದು ಇನ್ನೊಂದು ದಾರಿ. ಸೈಯನ್, ವಿದಿ, ಸ್ಪರ್, ಬ್ರಾಂಚ್‌ಲೆಟ್. ಮರ ಗೊತ್ತಿರುವವರು ಮೆಚ್ಚುತ್ತಾರೆ, ಮಿಕ್ಕವರು ಪುಸ್ತಕ ಮುಚ್ಚುತ್ತಾರೆ. ಮೂಲದಲ್ಲಿ ಅಜ್ಜಿ ಆಡುವ ಸರಳ ಮಾತಿಗೆ ಅನುವಾದದಲ್ಲಿ ಪಾರಿಭಾಷಿಕ ಪದ ಬಂದರೆ ಅಜ್ಜಿಯೇ ಬದಲಾಗಿಬಿಡುತ್ತಾಳೆ. ಇದು ನನಗೆ ಗಾತ್ರದ ತಪ್ಪಿಗಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ನಾನು ಹೇಳುವುದಾದರೆ ನಿಮ್ಮ ಕಥೆಗೆ ಬ್ರಾಂಚ್, ಟ್ವಿಗ್, ಶೂಟ್, ಕಿಂಡ್ಲಿಂಗ್ ಇಷ್ಟು ಸಾಕು. ಮರ ಹಣ್ಣು ತುಂಬಿ ನಿಲ್ಲುವ ಸಾಲು ಇದ್ದರೆ ಅಲ್ಲಿ ಒಂದೇ ಒಂದು ಸಲ ಬೌಸ್ ಬರಲಿ. ಲಿಂಬ್ ಬೇಕೇ ಬೇಕು ಅನಿಸಿದರೆ ಬಿರುಗಾಳಿಯ ದೃಶ್ಯಕ್ಕೆ ಉಳಿಸಿಕೊಳ್ಳಿ. ಉಳಿದದ್ದನ್ನು ವಿಶೇಷಣ ನೋಡಿಕೊಳ್ಳಲಿ. ಲೋ ಬ್ರಾಂಚ್ ಎಂದರೆ ಹುಡುಗ ಹತ್ತಬಹುದಾದದ್ದು, ಟಾಪ್ ಬ್ರಾಂಚ್ ಎಂದರೆ ಅಮ್ಮ ಬೈಯುವಂಥದ್ದು.

ಪದ ಸರಿಯಿದೆಯೋ ಇಲ್ಲವೋ ಎಂದು ನೋಡಲು ಸಮಾನಾರ್ಥಕ ಕೋಶ ಬಿಟ್ಟು, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆಯಿರಿ. ಅವುಗಳಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳು ಉಪಯೋಗಕ್ಕೆ ಬರುತ್ತವೆ. ಮೂರ್ನಾಲ್ಕು ವಾಕ್ಯ ಓದಿದರೆ ಯಾರ ಕೈಯಲ್ಲಿ, ಯಾವ ಕ್ರಿಯಾಪದದ ಜೊತೆ ಎಂಬುದು ಹಿಡಿತಕ್ಕೆ ಸಿಗುತ್ತದೆ.

ಕೊನೆಗೆ ನೀವು ಕೇಳದ ಎರಡು ವಿಷಯ, ಆದರೆ ಪುಸ್ತಕವನ್ನು ಮಕ್ಕಳಿಗೆ ಗಟ್ಟಿಯಾಗಿ ಓದುವವರಿಗೆ ಬೇಕಾದೀತು. ಲಿಂಬ್‌ನಲ್ಲಿ ಕೊನೆಯ ಬಿ ಉಚ್ಚಾರವಾಗುವುದಿಲ್ಲ, ಲಿಮ್ ಎಂದೇ ಓದಬೇಕು. ಆ ಬಿ ಹಳೆಯ ಇಂಗ್ಲಿಷ್‌ನಲ್ಲಿ ಇರಲೇ ಇಲ್ಲ, ಆಮೇಲೆ ಬರವಣಿಗೆಯಲ್ಲಿ ಸೇರಿಕೊಂಡದ್ದು. ಸೈಯನ್‌ನಲ್ಲಿ ಎಸ್ ನಂತರದ ಸಿ ಮೂಕ. ಇನ್ನು ನಿಮ್ಮ ಪ್ರಕಾಶಕರು ಬ್ರಿಟನ್ನಿನವರಾಗಿದ್ದರೆ, ಅಲ್ಲಿ ಟ್ವಿಗ್ ಒಂದು ಕ್ರಿಯಾಪದವೂ ಹೌದು. ತಡವಾಗಿ ಹೊಳೆಯಿತು, ಗೊತ್ತಾಯಿತು ಎಂಬ ಆಡುಮಾತು. ಅರ್ಥ ಮಾಡಿಕೋ ಎಂಬ ಐರಿಶ್ ಪದದಿಂದ ಬಂದಿರಬಹುದು ಎನ್ನುತ್ತಾರೆ, ಮರಕ್ಕೂ ಅದಕ್ಕೂ ಸಂಬಂಧವಿಲ್ಲ. ತಿದ್ದುಪಡಿಯ ಅಂಚಿನಲ್ಲಿ ಅವರು ಹಾಗೆ ಬರೆದು ಕಳಿಸಿದರೆ ಕೊಂಬೆ ಹುಡುಕಲು ಹೋಗಬೇಡಿ.